ಮಾತು ಕೇಳಿಸುವ ಪೆಟ್ಟಿಗೆ

‘ಧ್ವನಿವರ್ಧಕ’ ಎಂಬ ಮಾತನ್ನು ಕನ್ನಡಕ್ಕೆ ತಂದವರು ಇಂಗ್ಲಿಷಿನ ಹೆಸರಿಗೆ ನಿಷ್ಠರಾಗಿಯೇ ನಡೆದುಕೊಂಡಿದ್ದಾರೆ. ಆ ಭಾಷೆಯಲ್ಲಿಯೂ ಅದು ‘ಲೌಡ್‌ಸ್ಪೀಕರ್’; ಎಂದರೆ ಗಟ್ಟಿಯಾಗಿ ಮಾತನಾಡತಕ್ಕದ್ದು. ಶಾಸ್ತ್ರದೃಷ್ಟಿಯಿಂದ ನೋಡಿದರೆ ಈ ಹೆಸರು ಅದಕ್ಕೆ ಸಲ್ಲತಕ್ಕುದಲ್ಲ. ವರ್ಧಿಸುವ ಕೆಲಸ ಆಂಪ್ಲಿಫೈಯರಿನದು. ತಂತಿಯಲ್ಲಿ ಬಂದ ವಿದ್ಯುತ್ತಿನ ಏರಿಳಿತವನ್ನು ಗಾಳಿಯ ಏರಿಳಿತವನ್ನಾಗಿ ಮಾರ್ಪಡಿಸಿ ನಮ್ಮ ಕಿವಿಗೆ ಒಪ್ಪಿಸುವುದಷ್ಟೇ ಸ್ಪೀಕರಿನ ಪಾಲಿಗೆ ಬಂದ ಕರ್ತವ್ಯ. ಇದು ಭಾಷಾಂತರಕಾರನ ಕೆಲಸ. ಒಳ್ಳೆಯ ಭಾಷಾಂತರಕಾರನಿಗೆ ಇರಬೇಕಾದ ಗುಣವೇ ಇದಕ್ಕೂ ಇರಬೇಕು: ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದು, ಇದ್ದುದನ್ನು ನುಂಗಬಾರದು. ಅಲಂಕಾರಶಾಸ್ತ್ರವನ್ನು ಪಾಠ ಹೇಳುವ ನನ್ನಂಥವನಿಗೆ ಇಲ್ಲಿ ಇನ್ನೊಂದು ತೊಡಕೂ ಉಂಟು. ‘ಧ್ವನಿ’ಯೂ ‘ವರ್ಧನ’ವೂ ಕೂಡಿದೊಡನೆ ನೆನಪಿಗೆ ಬರುವವನು ಧ್ವನ್ಯಾಲೋಕವನ್ನು ಬರೆದ ಕಾಶ್ಮೀರದ ಆನಂದವರ್ಧನ. ಬಾಯಿಬಿಟ್ಟು ಹೇಳದುದನ್ನು ಕೇಳಿಸಿಕೊಳ್ಳುವುದು ಹೇಗೆಂದು ಅವನು ತಿಳಿಸಿದನು. ಬಾಯಿಬಿಟ್ಟು ಹೇಳಿದುದೂ ಕೇಳಿಸದಂತೆ ಮಾಡುವುದು ಹೇಗೆಂದು ನಮ್ಮ ಉತ್ಸವದ ಪೆಂಡಾಲುಗಳು ತಿಳಿಸುತ್ತಿವೆ.

ಪೆಂಡಾಲಿನ ಮಾತು ಇರಲಿ. ಅದು ಬೀದಿಯದು, ಹತ್ತು ದಿನದ್ದು. ಪೊಲೀಸರ ಅಪ್ಪಣೆಗೋ ದೇವರ ಕರುಣೆಗೋ ಒಳಪಟ್ಟದ್ದು. ನಾನು ಹೇಳಬೇಕೆಂದಿರುವುದು ಮನೆಯೊಳಗಿನ ಸ್ಪೀಕರಿನ ವಿಷಯ. ಈಗ ಅಂಗಡಿಯಲ್ಲಿ ಸ್ಪೀಕರನ್ನು ಕೊಳ್ಳಲು ಹೋದರೆ ವ್ಯಾಪಾರಿ ಮೊದಲು ಕೇಳಿಸುವುದು ಎದೆಯನ್ನು ಗುದ್ದುವ ಮಂದ್ರದ ಸದ್ದನ್ನು. “ಬೇಸ್ ನೋಡಿ ಸಾರ್” ಎನ್ನುತ್ತಾನೆ. ಗೋಡೆ ಅದುರಿದರೆ ಸ್ಪೀಕರು ಒಳ್ಳೆಯದು, ಅದುರದಿದ್ದರೆ ಕೆಟ್ಟದ್ದು. ಮನುಷ್ಯನ ಮಾತನ್ನು ಹಾಕಿ ತೋರಿಸುವ ವ್ಯಾಪಾರಿಯನ್ನು ನಾನಂತೂ ಇದುವರೆಗೆ ಕಂಡಿಲ್ಲ. ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದದ್ದು. ಮನೆಗೆ ಬರುವ ಸ್ಪೀಕರು ಮೊದಲು ಮನುಷ್ಯನ ಮಾತಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಸಂಗೀತದ ಪರೀಕ್ಷೆ ಆಮೇಲಿನದು. ಹೀಗೆ ಎಣಿಸಿಯೇ ಕಟ್ಟಿದ ಪುಟ್ಟ ಪೆಟ್ಟಿಗೆಯೊಂದು ಸುಮಾರು ಅರ್ಧ ಶತಮಾನದ ಹಿಂದೆ ಹುಟ್ಟಿತು. ಅದರ ಒಂದು ಜೋಡಿ ನಮ್ಮ ಮನೆಯಲ್ಲಿದೆ.

ಅದರ ಹೆಸರು ಕಾವ್ಯಮಯವಾದುದೇನೂ ಅಲ್ಲ: ‘ಎಲ್‌ಎಸ್ 3/5ಎ’. ಲಂಡನ್ನಿನ ಬಿ.ಬಿ.ಸಿ.ಯ ಎಂಜಿನಿಯರುಗಳು 1970ರ ದಶಕದ ಮೊದಲ ಭಾಗದಲ್ಲಿ ಇದನ್ನು ರೂಪಿಸಿದರು. ‘ಎಲ್‌ಎಸ್’ ಎಂದರೆ ಲೌಡ್‌ಸ್ಪೀಕರ್. ‘3’ ಎಂಬುದು ನಿಲಯದ ಹೊರಗೆ ನಡೆಯುವ ಪ್ರಸಾರಕ್ಕೆ ಮೀಸಲಾದ ವರ್ಗ. ‘5’ ಆ ವರ್ಗದ ಐದನೆಯ ವಿನ್ಯಾಸ. ಕೊನೆಯ ‘ಎ’ ತಿದ್ದುಪಡಿಯ ಗುರುತು. ತಿದ್ದುಪಡಿಗೆ ಕಾರಣವೂ ಉಂಟು. ಮೊದಲು ಕೆಲವೇ ಜೋಡಿಗಳನ್ನು ಕಟ್ಟಿದ ಮೇಲೆ, ಅದರೊಳಗಿನ ಶಬ್ದಘಟಕಗಳನ್ನು ಒದಗಿಸುತ್ತಿದ್ದ ಕೆಂಟ್ ಪ್ರಾಂತದ ಕೆಇಎಫ್ ಸಂಸ್ಥೆಯು ಅವುಗಳ ರಚನೆಯಲ್ಲಿ ಬದಲಾವಣೆ ಮಾಡಿತು. ಹಳೆಯ ಲೆಕ್ಕ ಕೂಡಿಬರಲಿಲ್ಲ. ಎಂಜಿನಿಯರುಗಳು ಮತ್ತೆ ಮೊದಲಿನಿಂದ ಅಳೆದು ತೂಗಿದರು. ಹಾರ್ವುಡ್, ವಾಟನ್, ಮಿಲ್ಸ್ ಎಂಬ ಮೂವರು 1976ರಲ್ಲಿ ಬರೆದ ಸಂಶೋಧನಾ ವರದಿಯಲ್ಲಿ ಈ ವೃತ್ತಾಂತವೆಲ್ಲ ದೊರೆಯುತ್ತದೆ. ಎಲ್ಲಿಯೂ ಹೊಗಳಿಕೆಯಿಲ್ಲದ, ಕೋಷ್ಟಕಗಳಿಂದ ತುಂಬಿದ ಒಣ ಬರಹ ಅದು. ನಮ್ಮ ಇಂದಿನ ಜಾಹೀರಾತುಗಳನ್ನು ಓದಿದ ಬಳಿಕ ಅದನ್ನು ಓದಿದರೆ ಕಣ್ಣಿಗೆ ತಂಪಾಗುತ್ತದೆ.

ಇಷ್ಟು ಚಿಕ್ಕ ಪೆಟ್ಟಿಗೆ ಅವರಿಗೆ ಏತಕ್ಕೆ ಬೇಕಾಗಿದ್ದಿತು? ಹೊರಗಿನ ಪ್ರಸಾರವೆಂದರೆ ಒಂದು ಮೋಟಾರು ವ್ಯಾನು. ಅದರಲ್ಲಿ ಯಂತ್ರಗಳೆಷ್ಟೋ ಅಷ್ಟೇ ಇಕ್ಕಟ್ಟು. ನಿಲಯದಲ್ಲಿದ್ದ ಆಳೆತ್ತರದ ಸ್ಪೀಕರುಗಳಿಗೆ ಅಲ್ಲಿ ಎಡೆಯಿಲ್ಲ. ಕಿವಿಗೆ ಕಟ್ಟಿಕೊಳ್ಳುವ ಹೆಡ್‌ಫೋನನ್ನು ನಂಬಿ ಮಾತಿನ ಗುಣವನ್ನು ತೀರ್ಮಾನಿಸುವುದು ಅವರಿಗೆ ಸಮ್ಮತವಿರಲಿಲ್ಲ. ಆದುದರಿಂದ ಮೊಣಕೈ ದೂರದಲ್ಲಿಟ್ಟುಕೊಂಡು ಕೇಳಬಹುದಾದ, ಮೇಜಿನ ಮೇಲೆ ಹಿಡಿಸುವ, ಆದರೆ ನಿಲಯದ ದೊಡ್ಡ ಸ್ಪೀಕರಿಗೆ ಸುಳ್ಳು ಹೇಳದ ಒಂದು ಪೆಟ್ಟಿಗೆ ಬೇಕಾಯಿತು. ಅದಕ್ಕೆ ಮುಂಚೆಯೇ, ಕಟ್ಟಬೇಕಾದ ಸ್ಟುಡಿಯೋದ ಚಿಕ್ಕ ಮಾದರಿಯನ್ನು ಮಾಡಿ ಅದರೊಳಗೆ ಶಬ್ದ ಹೇಗೆ ವರ್ತಿಸುವುದೆಂದು ಪರೀಕ್ಷಿಸುವುದಕ್ಕಾಗಿ ಅವರಲ್ಲಿ ಒಂದು ಪುಟ್ಟ ಸ್ಪೀಕರು ಸಿದ್ಧವಾಗಿದ್ದಿತು. ಪ್ರಯೋಗದ ಆಟಿಕೆಯಾಗಿ ಹುಟ್ಟಿದ್ದು ವ್ಯಾನಿನೊಳಗೆ ಉದ್ಯೋಗ ಸಂಪಾದಿಸಿತು.

ಉದ್ದ ಒಂದು ಅಡಿ, ಅಗಲ ಏಳೂವರೆ ಅಂಗುಲ, ಆಳ ಆರೂವರೆ ಅಂಗುಲದ ಆಸುಪಾಸು. ತೂಕ ಐದು ಕಿಲೋಗ್ರಾಮಿಗೆ ತುಸು ಹೆಚ್ಚು. ತೆಳುವಾದ ಬರ್ಚ್ ಪ್ಲೈವುಡ್ಡಿನ ಪೆಟ್ಟಿಗೆ, ಅದರ ಒಳಗೋಡೆಗೆ ಡಾಂಬರಿನ ಜಾತಿಯ ಹಾಳೆ, ಮೇಲೆ ತೇಗದ ಇಲ್ಲವೆ ವಾಲ್ನಟ್ಟಿನ ಹೊದಿಕೆ. ದಪ್ಪ ಹಲಗೆಯಾದರೆ ಪೆಟ್ಟಿಗೆ ಕದಲದೆ ನಿಲ್ಲುತ್ತದೆಂದು ನಾವು ತಿಳಿಯುತ್ತೇವೆ. ದಪ್ಪ ಹಲಗೆಯೂ ಕಂಪಿಸುತ್ತದೆ. ಅದರ ಕಂಪನ ಮಾತಿನ ಸ್ಥಾಯಿಗೆ ಏರಿ ಬಂದು ಕೂರುತ್ತದೆ, ಮತ್ತು ಬೇಗ ಅಡಗುವುದಿಲ್ಲ. ತೆಳು ಹಲಗೆಗೆ ಮೆತ್ತನೆಯ ಭಾರವನ್ನು ಅಂಟಿಸಿದರೆ ಕಂಪನ ಕೆಳಗಿನ ಸ್ಥಾಯಿಗಿಳಿದು ಕೂಡಲೆ ಸಾಯುತ್ತದೆಂಬುದು ಬಿ.ಬಿ.ಸಿ.ಯವರು ಕಂಡುಕೊಂಡ ಮರ್ಮ. ಕೆಳಗಿನ ಸ್ವರಗಳಿಗೆ ಐದು ಅಂಗುಲದ ಶಂಕು, ಮೇಲಿನವುಗಳಿಗೆ ಮುಕ್ಕಾಲು ಅಂಗುಲದ ಪುಟ್ಟ ಗುಮ್ಮಟ. ಶಂಕುವನ್ನು ಕಾಗದದ ಬದಲು ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದರು. ಕಾಗದದ ತಿರುಳು ಒಂದು ಸಲ ಇದ್ದಂತೆ ಇನ್ನೊಂದು ಸಲ ಇರದು. ಪ್ಲಾಸ್ಟಿಕ್ಕು ಒಂದೇ ಸಮನಾಗಿ ಬರುತ್ತದೆ. ಇದನ್ನು ತಯಾರಿಸುವ ಅಪ್ಪಣೆ ಪಡೆದವರು ಹಲವರು: ರೋಜರ್ಸ್, ಸ್ಪೆಂಡರ್, ಚಾರ್ಟ್‌ವೆಲ್, ಹಾರ್ಬೆತ್ ಮೊದಲಾದವರು. ಬಿ.ಬಿ.ಸಿ.ಯಿಂದ ಹೊರಬಿದ್ದ ಹಾರ್ವುಡ್ಡರೇ 1977ರಲ್ಲಿ ಸ್ಥಾಪಿಸಿದ್ದು ಹಾರ್ಬೆತ್. ತಮ್ಮ ಹೆಸರಿನ ಮೊದಲ ಭಾಗವನ್ನು ಹೆಂಡತಿ ಎಲಿಜಬೆತ್ತಳ ಹೆಸರಿನ ಕೊನೆಗೆ ಕೂಡಿಸಿ ಮಾಡಿದ ಸಮಾಸವದು. ಯಾವ ಸಮಾಸವೆಂದು ವಿದ್ಯಾರ್ಥಿಗಳನ್ನು ಕೇಳಬಹುದು.

ಚಿಕ್ಕದರಿಂದ ಎಲ್ಲವೂ ಸಾಧ್ಯವೆಂದು ಹೇಳಲು ನಾನು ಸಿದ್ಧನಲ್ಲ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ, ಗಾಳಿ ಆಡದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಶಂಕುವಿಗೆ ಸ್ಪ್ರಿಂಗಾಗಿ ಬಳಸುವ ಉಪಾಯದಿಂದ ‘ಎಆರ್-1’ ಎಂಬ ಸ್ಪೀಕರನ್ನು ತಂದಾಗಲೇ ಸಣ್ಣ ಪೆಟ್ಟಿಗೆಯ ಯುಗ ಆರಂಭವಾಯಿತು. ಆದರೆ ಪ್ರಕೃತಿ ಪುಕ್ಕಟೆ ಏನನ್ನೂ ಕೊಡುವುದಿಲ್ಲ. ಅದೇ ಪರಂಪರೆಯ ಹಾಫ್‌ಮನ್ ಎಂಬಾತನ ಹೆಸರಿನಲ್ಲಿ ಒಂದು ನಿಯಮವಿದೆ: ಪೆಟ್ಟಿಗೆ ಚಿಕ್ಕದಾಗಿರಬೇಕು, ಮಂದ್ರ ಆಳಕ್ಕಿಳಿಯಬೇಕು, ಕೊಂಚ ವಿದ್ಯುತ್ತಿಗೇ ಹೆಚ್ಚು ಸದ್ದು ಬರಬೇಕು, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಬೇಕು. ನಮ್ಮ ಬಿ.ಬಿ.ಸಿ. ಪೆಟ್ಟಿಗೆಯ ಒಡಲು ಐದು ಲೀಟರಿನಷ್ಟು. ಅದು ಸದ್ದಿನ ಮಟ್ಟವನ್ನು ಬಿಟ್ಟುಕೊಟ್ಟಿತು, ಮಂದ್ರದಲ್ಲಿಯೂ ಒಂದು ಪಾಲನ್ನು ಬಿಟ್ಟುಕೊಟ್ಟಿತು. ಸೆಕೆಂಡಿಗೆ ಸುಮಾರು 80 ಕಂಪನಗಳ ಕೆಳಗೆ ಅದರ ದನಿ ಬೇಗ ಅಡಗಿಹೋಗುತ್ತದೆ.

ಈ ತ್ಯಾಗದ ಹಿಂದಿನ ವಿವೇಕ ತಿಳಿಯಬೇಕಾದರೆ ಮಾತಿನ ಕಡೆಗೆ ತಿರುಗಬೇಕು. ವಯಸ್ಕ ಗಂಡಸಿನ ಮಾತಿನ ಮೂಲಸ್ವರ ಸಾಮಾನ್ಯವಾಗಿ ಸೆಕೆಂಡಿಗೆ ನೂರು ಕಂಪನಗಳ ಸುತ್ತಮುತ್ತ ಸುಳಿದಾಡುತ್ತದೆ. ಹೆಂಗಸಿನದು ಇನ್ನೂರರ ಹತ್ತಿರ. ಎಂಬತ್ತರವರೆಗೆ ನೆಟ್ಟಗೆ ಕೇಳಿಸುವ ಪೆಟ್ಟಿಗೆಗೆ ಮಾತಿನ ಮಟ್ಟಿಗೆ ಕೊರತೆಯೇ ಇಲ್ಲ. ಇನ್ನು ಮೇಲಿನ ಕಡೆ. ಸ್ವರಾಕ್ಷರಗಳು ಗಟ್ಟಿ ದನಿಯವು, ಕೆಳಗಿನ ಸ್ಥಾಯಿಯವು. ಮಾತಿಗೆ ಮೈ ಕೊಡುವುವು. ಅರ್ಥವನ್ನು ಹೊರುವುವು ಬಹುಮಟ್ಟಿಗೆ ವ್ಯಂಜನಗಳು, ಅವು ಮೆಲುದನಿಯವು. ಸಕಾರದ ಸುಯ್ಲು ಸೆಕೆಂಡಿಗೆ ನಾಲ್ಕೈದು ಸಾವಿರ ಕಂಪನಗಳಿಂದಾಚೆ ಹರಡಿಕೊಂಡಿರುತ್ತದೆ; ಶಕಾರ ಅದಕ್ಕಿಂತ ಕೆಳಗೆ ನಿಲ್ಲುತ್ತದೆ. ಈ ಪೆಟ್ಟಿಗೆಯಲ್ಲಿ ಶಂಕು ತನ್ನ ಕೆಲಸವನ್ನು ಗುಮ್ಮಟಕ್ಕೆ ಒಪ್ಪಿಸುವುದು ಮೂರು ಸಾವಿರದ ಹತ್ತಿರ. ಎಂದರೆ ಮಾತಿನ ನಟ್ಟನಡುವೆ. ಅಲ್ಲಿ ಹೊಲಿಗೆ ಕೆಟ್ಟರೆ ಮಾತನಾಡುವವನ ನಾಲಗೆ ಒಂದು ಕಡೆ, ಎದೆ ಒಂದು ಕಡೆ ಆಗಿಬಿಡುತ್ತದೆ. ಆ ಹೊಲಿಗೆಯನ್ನು ಕಾಣದಂತೆ ಮಾಡುವುದಕ್ಕಾಗಿಯೇ ಒಳಗಿನ ಸುರುಳಿಗಳನ್ನೂ ಕೆಪಾಸಿಟರುಗಳನ್ನೂ ಅಷ್ಟು ಎಣಿಸಿ ಕೂಡಿಸಿದ್ದಾರೆ. ಗುಮ್ಮಟದ ಸುತ್ತ ನಾಲ್ಕು ಕಡೆಯೂ ಉಣ್ಣೆಯ ಪಟ್ಟಿಯ ಕಟ್ಟೆ ಕಟ್ಟಿರುವುದೂ, ಪೆಟ್ಟಿಗೆಯ ಅಂಚಿಗೆ ತಾಗಿ ಸದ್ದು ಚೆದರದಿರಲೆಂದು.

ಹಾಗಾದರೆ ತಂಬೂರಿಯ ಖರಜ ಏನಾಗಬೇಕು ಎಂದು ಸಂಗೀತದ ಮಿತ್ರರು ಕೇಳುತ್ತಾರೆ. ಗಾಯಕರ ತಂಬೂರಿಯ ಖರಜದ ಮೂಲಸ್ವರ ಎಂಬತ್ತಕ್ಕಿಂತ ಕೆಳಗೂ ಇಳಿಯಬಹುದು. ಇಲ್ಲಿ ನಮ್ಮ ಕಿವಿಯೇ ನಮಗೆ ನೆರವಾಗುತ್ತದೆ. ಮೂಲಸ್ವರ ಕ್ಷೀಣವಾದರೂ ಅದರ ಮೇಲಣ ಅನುಸ್ವರಗಳೆಲ್ಲ ಸರಿಯಾದ ಅಂತರದಲ್ಲಿ ಕೇಳಿಸಿದರೆ ಮನಸ್ಸು ಮೂಲವನ್ನು ತಾನೇ ತುಂಬಿಕೊಳ್ಳುತ್ತದೆ. ತಂಬೂರಿಯ ಸೊಗಸೆಲ್ಲ ಅನುಸ್ವರಗಳಲ್ಲಿಯೇ ಇದೆ. ಬಾಗಿದ ಕುದುರೆಯ ಮೇಲೆ ಜೀವಾಳದ ನೂಲು ಮಾಡುವ ಈ ಚಮತ್ಕಾರವನ್ನು ಸಿ. ವಿ. ರಾಮನ್ನರು 1921ರಷ್ಟು ಹಿಂದೆಯೇ ಪರಿಶೀಲಿಸಿ ಬರೆದರು. ಗೋಡೆ ಅದುರಿಸುವ ಪೆಟ್ಟಿಗೆಯಲ್ಲಿ ಖರಜದ ಗುಂಯ್‌ಗುಡುವಿಕೆ ದೊರೆಯುತ್ತದೆ, ಜೀವಾಳ ಮುಳುಗುತ್ತದೆ. ಚಿಕ್ಕ ಪೆಟ್ಟಿಗೆಯಲ್ಲಿ ಜೀವಾಳ ಉಳಿಯುತ್ತದೆ. ನನಗೆ ಆಯ್ಕೆ ಕಷ್ಟವಾಗಲಿಲ್ಲ. ಮೃದಂಗದ ತೊಪ್ಪಿ, ದೇವಸ್ಥಾನದ ನಗಾರಿ ಇವುಗಳಲ್ಲಿ ನಷ್ಟವಾಗುವುದು ನಿಜ, ಅದನ್ನು ಒಪ್ಪಿಕೊಳ್ಳಬೇಕು.

ಈಗ ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ತಾಯಿಗೆ ಎಂಬತ್ತೆರಡು ವರ್ಷ. ಮಗ್ಗುಲಲ್ಲಿ ಕುಳಿತು ಮಾತನಾಡಿದರೆ ಎಲ್ಲವೂ ತಿಳಿಯುತ್ತದೆ. ಟೆಲಿವಿಷನ್ನಿನ ವಾರ್ತೆ ತಿಳಿಯುವುದಿಲ್ಲ. ನಾವು ಮನೆಯವರು ಅದರ ಸದ್ದನ್ನು ಏರಿಸುತ್ತ ಏರಿಸುತ್ತ ಪಕ್ಕದ ಮನೆಯವರಿಗೆ ವಾರ್ತೆ ಪ್ರಸಾರ ಮಾಡುವ ಮಟ್ಟಕ್ಕೆ ತಂದೆವು. ಅಮ್ಮ ಒಂದು ದಿನ, “ಜೋರಾಗೇನೋ ಕೇಳ್ಸತ್ತೆ ಕಣೋ, ಏನಂತ ಕೇಳ್ಸಲ್ಲ” ಎಂದರು. ಇದಕ್ಕಿಂತ ಸರಿಯಾಗಿ ಯಾವ ಶ್ರವಣತಜ್ಞನೂ ಹೇಳಲಾರ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ಥಾಯಿಯನ್ನು. ಎಂದರೆ ವ್ಯಂಜನಗಳ ನೆಲೆಯನ್ನು. ಸದ್ದನ್ನು ಏರಿಸಿದರೆ ಮೊದಲೇ ಗಟ್ಟಿಯಾದ ಸ್ವರಗಳು ಇನ್ನೂ ಗಟ್ಟಿಯಾಗಿ, ಮೆಲುದನಿಯ ವ್ಯಂಜನಗಳನ್ನು ಮುಚ್ಚಿಹಾಕುತ್ತವೆ. ಈಗಿನ ಹಲಗೆಯಂಥ ಟೆಲಿವಿಷನ್ನುಗಳಲ್ಲಿ ಸ್ಪೀಕರಿಗೆ ಮುಂಭಾಗದಲ್ಲಿ ಜಾಗವಿಲ್ಲ. ಅದು ಕೆಳಗೋ ಹಿಂದಕ್ಕೋ ಮುಖ ಮಾಡಿಕೊಂಡು ಗೋಡೆಯೊಡನೆ ಮಾತನಾಡುತ್ತದೆ. ಗೋಡೆ ಹೇಳಿದ್ದನ್ನು ನಾವು ಕೇಳುತ್ತೇವೆ. ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದಿಂದ ನಿವೃತ್ತರಾದ ಹಿರಿಯರೊಬ್ಬರು, ಅವರ ಅಣ್ಣ ಇಂಗ್ಲೆಂಡಿನಿಂದ ತಂದಿದ್ದ ಎಲ್‌ಎಸ್ 3/5ಎ ಜೋಡಿಯನ್ನು ಮನೆ ಬದಲಾಯಿಸುವಾಗ ನನಗೆ ಒಪ್ಪಿಸಿದರು. ಅದಕ್ಕೆ ಟೆಲಿವಿಷನ್ನಿನ ಧ್ವನಿಯನ್ನು ಜೋಡಿಸಿ ಅಮ್ಮನಿಂದ ಐದಾರು ಅಡಿ ದೂರದಲ್ಲಿಟ್ಟಾಗ, ಮೊದಲಿನ ಅರ್ಧ ಸದ್ದಿಗೇ ಅವರು ವಾರ್ತೆಯನ್ನು ತಿಳಿದುಕೊಂಡು ಮಂತ್ರಿಗಳನ್ನು ಬೈಯತೊಡಗಿದರು. ಇದು ಶ್ರವಣಯಂತ್ರಕ್ಕೆ ಬದಲೆಂದು ಯಾರೂ ಭಾವಿಸಬಾರದು. ಕಿವಿಯ ಪರೀಕ್ಷೆ ಕಿವಿ ಬಲ್ಲವರಿಂದಲೇ ಆಗಬೇಕು. ಮೈಸೂರಿನಲ್ಲಿ 1965ರಿಂದ ಅದಕ್ಕೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ಯಂತ್ರ ತೊಟ್ಟ ಕಿವಿಗೂ ಕಲಬೆರಕೆಯಿಲ್ಲದ ಮಾತು ಬೇಕೇ ಬೇಕಲ್ಲವೆ?

ಜೋಡಿಯನ್ನು ಇಡುವ ಕ್ರಮದ ಮೇಲೆ ಅರ್ಧ ಫಲ ನಿಂತಿದೆ. ಇಂಥವನ್ನು ‘ಬುಕ್‌ಷೆಲ್ಫ್ ಸ್ಪೀಕರ್’ ಎಂದು ಕರೆಯುವ ರೂಢಿಯುಂಟು. ಪುಸ್ತಕದ ಬೀರುವಿನಲ್ಲಿ ಇಡಲೇಬಾರದಾದುದಕ್ಕೆ ಆ ಹೆಸರನ್ನಿಟ್ಟವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು. ಗೂಡಿನೊಳಗೆ ತಳ್ಳಿದರೆ ಸುತ್ತಣ ಹಲಗೆಗಳು ಮಂದ್ರವನ್ನು ಉಬ್ಬಿಸುತ್ತವೆ, ಮಾತು ಕೊಡದೊಳಗಿನಿಂದ ಬಂದಂತಾಗುತ್ತದೆ. ಈ ಪೆಟ್ಟಿಗೆಗೆ ನೂರಕ್ಕೆ ತುಸು ಮೇಲೆ ಒಂದು ಸಣ್ಣ ಉಬ್ಬು ಹುಟ್ಟಿನಿಂದಲೇ ಇದೆ. ಗೋಡೆಗೆ ಒರಗಿಸಿದರೆ ಅದು ಗೂನಾಗುತ್ತದೆ. ಹಿಂದಿನ ಗೋಡೆಯಿಂದ ಎರಡಡಿಯಾದರೂ, ಮೂಲೆಯಿಂದ ಅದಕ್ಕಿಂತಲೂ ದೂರವಿಟ್ಟು, ಗಟ್ಟಿಯಾದ ಕಾಲುಮಣೆಯ ಮೇಲೆ, ಗುಮ್ಮಟ ಕುಳಿತವನ ಕಿವಿಯ ಎತ್ತರಕ್ಕೆ ಬರುವಂತೆ ನಿಲ್ಲಿಸಬೇಕು. ಎರಡು ಅಡಿ ಎತ್ತರದ ಕಾಲುಮಣೆ ಕುರ್ಚಿಗೆ ಸರಿಹೋಗುತ್ತದೆ. ನಾನು ಬಡಗಿಯಿಂದ ಹೊನ್ನೆಮರದ ಎರಡು ಕಾಲುಮಣೆ ಮಾಡಿಸಿದೆ; ಒಂದು ಕುಂಟುತ್ತಿತ್ತು. “ಕುಣಿಯಲಾರದವಳು ನೆಲ ಡೊಂಕು ಎಂದಳಂತೆ” ಎಂದು ನಾನು ಬಡಗಿಗೆ ಹೇಳುವ ಮೊದಲೇ ಅವನು ರಸಮಟ್ಟ ಇಟ್ಟು ತೋರಿಸಿದ: ನಮ್ಮ ನೆಲ ನಿಜವಾಗಿಯೂ ಡೊಂಕು. ಒಂದು ಕಾಲಿನ ಕೆಳಗೆ ರಬ್ಬರಿನ ತುಂಡನ್ನಿಟ್ಟು ಸರಿಪಡಿಸಿದೆವು.

ಎರಡು ಪೆಟ್ಟಿಗೆಗಳ ನಡುವೆ ಎಷ್ಟು ಅಂತರವೋ, ಕೇಳುವವನಿಗೂ ಅವುಗಳಿಗೂ ಅಷ್ಟೇ ಅಂತರವಿರಲಿ. ಆರರಿಂದ ಎಂಟು ಅಡಿ. ಹತ್ತಿರ ಕೂರುವುದರಲ್ಲಿ ಒಂದು ಲಾಭವುಂಟು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಸ್ಪೀಕರಿನಿಂದ ನೇರ ಬರುವ ಸದ್ದು ಹೀಗೆಯೇ ಇಳಿಯುತ್ತ ಹೋಗುತ್ತದೆ, ಗೋಡೆಗಳ ಪ್ರತಿಧ್ವನಿ ಮಾತ್ರ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ದೂರ ಹೋದಷ್ಟೂ ಗೋಡೆಯ ಪಾಲು ಹೆಚ್ಚು. ನಮ್ಮ ಮನೆಗಳಲ್ಲಿ ಗೋಡೆ ಬೋಳು, ನೆಲ ಮೊಸಾಯಿಕ್ಕಿನದು ಇಲ್ಲವೆ ನುಣುಪು ಹಾಸುಗಲ್ಲಿನದು, ಮೇಲೆ ಕಾಂಕ್ರೀಟಿನ ತಾರಸಿ. ಮಧ್ಯದಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಝಣ್ ಎಂದು ಬಾಲವೊಂದು ಹಿಂಬಾಲಿಸಿದರೆ ಸ್ಪೀಕರಿಗೆ ಹಣ ಸುರಿಯುವ ಮೊದಲು ಜಮಖಾನೆಗೆ ಕೊಡಬೇಕೆಂದು ಅರ್ಥ. ನೆಲಕ್ಕೆ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಒಂದು ಹತ್ತಿಯ ಹಾಸಿಗೆ, ಒಂದು ಗೋಡೆಗೆ ತೆರೆದ ಬೀರುವಿನಲ್ಲಿ ಒಪ್ಪವಿಲ್ಲದೆ ಇಟ್ಟ ಪುಸ್ತಕಗಳು. ಕನ್ನಡ ಅಧ್ಯಾಪಕನ ಮನೆಯಲ್ಲಿ ಕೊನೆಯದಕ್ಕೆ ಬರವಿಲ್ಲ. ಮುಂದಿನ ಬಟ್ಟೆಯ ಪರದೆಯನ್ನು ತೆಗೆದರೆ ಧ್ವನಿ ಇನ್ನೂ ನಿಚ್ಚಳವಾಗುತ್ತದೆಂದು ಕೆಲವರು ಬುದ್ಧಿ ಹೇಳುತ್ತಾರೆ. ಈ ಪೆಟ್ಟಿಗೆಯ ಅಳತೆಯೆಲ್ಲ ಬಟ್ಟೆಯನ್ನು ಸೇರಿಸಿಯೇ ಮಾಡಿದ್ದು; ತೆಗೆಯಬಾರದು. ನಮ್ಮ ಮನೆಯ ಮಕ್ಕಳ ಬೆರಳುಗಳ ದೃಷ್ಟಿಯಿಂದಲೂ ಅದು ಕ್ಷೇಮ.

ತಂತಿ ಜೋಡಿಸುವಾಗ ಒಂದೇ ಒಂದು ಎಚ್ಚರ. ಎರಡು ಪೆಟ್ಟಿಗೆಗಳಿಗೂ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಿರಬೇಕು. ಒಂದರಲ್ಲಿ ತಿರುಗುಮುರುಗಾದರೆ ಒಂದು ಶಂಕು ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿದು, ಮಂದ್ರ ಒಂದನ್ನೊಂದು ತಿಂದುಹಾಕುತ್ತದೆ. ಮಾತನಾಡುವವನು ಎಲ್ಲಿದ್ದಾನೆಂದು ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಹಳೆಯ ಪೆಟ್ಟಿಗೆಯ ಒಳಗೆ ಯಾರಾದರೂ ಕೈಯಾಡಿಸಿದ್ದರೆ ಬಣ್ಣವನ್ನು ನಂಬುವಂತಿಲ್ಲ. ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ ನೋಡಿ: ಎರಡು ಶಂಕುಗಳೂ ಒಂದೇ ಕಡೆಗೆ ಸರಿದರೆ ಸರಿ. ಆಮೇಲೆ ಆಕಾಶವಾಣಿಯ ವಾರ್ತೆಯನ್ನು ಹಾಕಿ. ವಾರ್ತೆ ಓದುವವರು ಎಡದಲ್ಲಿಯೂ ಇಲ್ಲ, ಬಲದಲ್ಲಿಯೂ ಇಲ್ಲ, ಪೆಟ್ಟಿಗೆಯೇ ಇಲ್ಲದ ನಡುವಣ ಬರಿಯ ಗಾಳಿಯಲ್ಲಿ ಕುಳಿತಿರಬೇಕು. ‘ಆಕಾಶವಾಣಿ’ ಎಂಬ ಹೆಸರು ಆಗ ಸಾರ್ಥಕವೆನಿಸುತ್ತದೆ. ಆ ಹೆಸರು ರೇಡಿಯೋಗೆ ಬಂದದ್ದೂ ನಮ್ಮ ನಾಡಿನಲ್ಲಿಯೇ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ಕಾಲದಲ್ಲಿ. ಕಾಲೇಜು ಅಧ್ಯಾಪಕರು ಇಂಥ ಕೆಲಸಕ್ಕೆ ಕೈಹಾಕಬಾರದೆಂದು ಯಾರಾದರೂ ನನಗೆ ಹೇಳಿದರೆ ಈ ಹೆಸರನ್ನು ಮುಂದಿಡುತ್ತೇನೆ.

ಆಂಪ್ಲಿಫೈಯರಿನ ವಿಚಾರ ಚಿಕ್ಕದು. ಈ ಪೆಟ್ಟಿಗೆ ಹಸಿವಿನದು. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ ಅದು ಕೊಡುವ ಸದ್ದು 82-83 ಡೆಸಿಬೆಲ್. ಬೇರೆ ಎಷ್ಟೋ ಸ್ಪೀಕರುಗಳು 88 ಕೊಡುತ್ತವೆ. ಆ ಆರು ಡೆಸಿಬೆಲ್ಲಿನ ಅಂತರವನ್ನು ತುಂಬಲು ನಾಲ್ಕು ಪಟ್ಟು ವಾಟು ಬೇಕು. ಇಪ್ಪತ್ತೈದರಿಂದ ಐವತ್ತು ವಾಟಿನ ಸಾಧಾರಣವಾದ ಆಂಪ್ಲಿಫೈಯರು ಮನೆಗೆ ಸಾಕು. ಮೊದಲಿನವು 15 ಓಮಿನವು, 1980ರ ದಶಕದ ಕೊನೆಗೆ ಬಂದವು 11 ಓಮಿನವು. ಎರಡೂ ಆಂಪ್ಲಿಫೈಯರನ್ನು ಬಳಲಿಸುವಂಥವಲ್ಲ. ಮದುವೆಮನೆಗೆ ಈ ಜೋಡಿಯನ್ನು ಎರವಲು ಕೇಳಿದವರಿಗೆ ಕೊಡಲಿಲ್ಲ. ಕೊಟ್ಟಿದ್ದರೆ ಸುರುಳಿ ಸುಟ್ಟು ಬರುತ್ತಿತ್ತು.

ಹಳೆಯ ಸ್ಪೀಕರುಗಳು ಸಾಯುವುದು ಸಾಮಾನ್ಯವಾಗಿ ಎರಡು ರೋಗಗಳಿಂದ. ಶಂಕುವಿನ ಅಂಚಿಗೆ ಸ್ಪಂಜಿನಂಥ ಫೋಮು ಹಾಕಿದ್ದರೆ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದು ಹುರಿಹಿಟ್ಟಿನಂತೆ ಉದುರುತ್ತದೆ, ಕರಾವಳಿಯ ತೇವದಲ್ಲಿ ಇನ್ನೂ ಬೇಗ. ನಮ್ಮ ಪೆಟ್ಟಿಗೆಯ ಅಂಚು ರಬ್ಬರಿನ ಜಾತಿಯದಾದುದರಿಂದ ಆ ಭಯವಿಲ್ಲ. ಇನ್ನೊಂದು ರೋಗ ರಿಪೇರಿ. ಬಲಗಡೆಯ ಪೆಟ್ಟಿಗೆಯ ಒಳತಂತಿಯೊಂದರ ಬೆಸುಗೆ ಬಿಟ್ಟಾಗ ಊರಿನ ಅಂಗಡಿಯೊಂದಕ್ಕೆ ಒಯ್ದೆ. ಆತ ತೆರೆದು ನೋಡಿ, “ಏನ್ ಸಾರ್, ಇಷ್ಟು ಸಣ್ಣ ಟ್ವೀಟರ್! ದೊಡ್ಡದು ಹಾಕಿಕೊಡ್ತೀನಿ, ಒಳಗಿನ ಈ ಕಸವನ್ನೆಲ್ಲ ತೆಗೆದುಬಿಡೋಣ” ಎಂದ. ಕಸವೆಂದು ಆತ ತೋರಿಸಿದ್ದು ಮೂರು ಜನ ಎಂಜಿನಿಯರುಗಳು ವರದಿ ಬರೆದ ಸುರುಳಿ ಕೆಪಾಸಿಟರುಗಳನ್ನು. ಬೆಸುಗೆಯನ್ನಷ್ಟೇ ಹಾಕಿಸಿಕೊಂಡು ಬಂದೆ; ಐವತ್ತು ರೂಪಾಯಿ ತೆಗೆದುಕೊಂಡ, ಕೆಲಸ ಚೊಕ್ಕಟವಾಗಿತ್ತು. ಹಸ್ತಪ್ರತಿಯನ್ನು ಸಂಪಾದಿಸುವವರಿಗೆ ಈ ಸಂಕಟ ಹೊಸದಲ್ಲ. ಪ್ರತಿಕಾರನ ಉತ್ಸಾಹದಿಂದ ಕೆಟ್ಟಷ್ಟು ಪಾಠಗಳು ಗೆದ್ದಲಿನಿಂದ ಕೆಟ್ಟಿಲ್ಲ.

ಇಷ್ಟು ಹೇಳಿದ ಮೇಲೆ, ಎಲ್ಲರೂ ಇದೇ ಜೋಡಿಯನ್ನು ಹುಡುಕಿಕೊಂಡು ಹೋಗಬೇಕೆಂಬುದು ನನ್ನ ಅಭಿಪ್ರಾಯವೇ ಎಂದು ಕೇಳಬಹುದು. ಖಂಡಿತ ಅಲ್ಲ. ವ್ಯಾನಿನೊಳಗೆ ದುಡಿಯಲೆಂದು ಹುಟ್ಟಿದ ಈ ಪೆಟ್ಟಿಗೆ ಈಗ ಸಂಗ್ರಹಕಾರರ ಕೈಗೆ ಸಿಕ್ಕಿ ಒಡವೆಯ ಬೆಲೆ ಪಡೆದಿದೆ. ಯಾವ ವರ್ಷದ್ದು, ಯಾವ ಸಂಸ್ಥೆಯದು, ಕ್ರಮಸಂಖ್ಯೆ ಎಷ್ಟು, ಹೆಸರಿನ ಪಟ್ಟಿಯ ಬಣ್ಣ ಯಾವುದು ಎಂದು ಚರ್ಚಿಸುವವರಲ್ಲಿ ಅದನ್ನು ಹಾಕಿ ಕೇಳುವವರು ಎಷ್ಟು ಮಂದಿಯೋ ಎಂಬ ಸಂಶಯ ನನಗಿದೆ. ಹಳೆಯದಾದುದರಿಂದಲೇ ಅದರ ದನಿಗೆ ಒಂದು ಇಂಪು ಬಂದಿದೆಯೆಂಬ ಮಾತನ್ನೂ ನಾನು ನಂಬುವುದಿಲ್ಲ. ಅದನ್ನು ಮಾಡಿದವರು ಇಂಪನ್ನು ಅರಸಿದವರಲ್ಲ. ಕೆಟ್ಟ ಧ್ವನಿಗ್ರಹಣವನ್ನು ಕೆಟ್ಟದ್ದೆಂದೇ ತೋರಿಸುವ ಉಪಕರಣ ಅವರಿಗೆ ಬೇಕಾಗಿತ್ತು. ಇದನ್ನು ನನಗೆ ಕೊಟ್ಟ ಭೌತಶಾಸ್ತ್ರದ ಹಿರಿಯರೇ, ಈಗಿನ ಒಳ್ಳೆಯ ಸಣ್ಣ ಸ್ಟುಡಿಯೋ ಮಾನಿಟರುಗಳು ಎಷ್ಟೋ ವಿಷಯಗಳಲ್ಲಿ ಇದಕ್ಕಿಂತ ಮೇಲೆಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಲೆಕ್ಕದಲ್ಲಿ ಅವರನ್ನು ಎದುರಿಸುವ ಧೈರ್ಯ ನನಗಿಲ್ಲ. ನನ್ನ ವಾದವೆಲ್ಲ ಆ ಮುದುಕ ಪೆಟ್ಟಿಗೆಯ ಹಿಂದಿನ ವಿಚಾರದ ಪರವಾಗಿ.

ಈ ಜೋಡಿಯಲ್ಲಿ ನಾನು ಕೇಳುವುದು ಹೆಚ್ಚಾಗಿ ಹಳೆಯ ಧ್ವನಿಮುದ್ರಣಗಳನ್ನು. ಅವುಗಳಲ್ಲಿ ಬಹಳಷ್ಟು ಒಂದೇ ಮೈಕಿನವು. ಎರಡು ಪೆಟ್ಟಿಗೆಗಳ ನಡುವೆ ಒಬ್ಬನೇ ಮನುಷ್ಯ ಬಂದು ಕೂರುತ್ತಾನೆ. ಮಲ್ಲಿಕಾರ್ಜುನ ಮನ್ಸೂರರು ತಾನಿನ ನಡುವೆ ಉಸಿರು ಸೆಳೆದುಕೊಳ್ಳುವುದು ಕೇಳಿಸುತ್ತದೆ. ಗಂಗೂಬಾಯಿ ಹಾನಗಲ್ಲರ ಆ ಅಗಲವಾದ, ಗಂಡುದನಿಯ ಷಡ್ಜ ದೊಡ್ಡ ಪೆಟ್ಟಿಗೆಗಳಲ್ಲಿ ಉಬ್ಬಿಕೊಂಡು ಬೇರೆ ಯಾರದೋ ಆಗಿಬಿಡುತ್ತದೆ. ಇಲ್ಲಿ ಅವರದೇ ಆಗಿ ಉಳಿಯುತ್ತದೆ. ಕಾಳಿಂಗರಾಯರು ಪದದ ಕೊನೆಯ ಅಕ್ಷರವನ್ನು ನುಂಗದೆ ನಿಲ್ಲಿಸುವ ರೀತಿಯನ್ನು ನಾನು ಗಮನಿಸಿದ್ದು ಈ ಪೆಟ್ಟಿಗೆ ಬಂದ ಮೇಲೆಯೇ. ಇನ್ನು ಗಮಕ. 2022ರಲ್ಲಿ ಪದ್ಮಶ್ರೀ ಪಡೆದ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಗಳ ವಾಚನದ ಧ್ವನಿಮುದ್ರಣವನ್ನು ಒಮ್ಮೆ ತರಗತಿಗೆ ಒಯ್ದು ಕಾಲೇಜಿನ ಸಭಾಂಗಣದ ದೊಡ್ಡ ಸ್ಪೀಕರುಗಳಲ್ಲಿ ಹಾಕಿಸಿದಾಗ ಹುಡುಗರಿಗೆ ರಾಗ ಕೇಳಿಸಿತು, ಕುಮಾರವ್ಯಾಸ ಕೇಳಿಸಲಿಲ್ಲ. ಭಾಮಿನಿ ಷಟ್ಪದಿ ಸಂಗೀತದ ನಡುವೆ ಎಲ್ಲಿಯೋ ಕರಗಿಹೋಯಿತು. ಮರುವಾರ ಈ ಎರಡು ಪೆಟ್ಟಿಗೆಗಳನ್ನು ಆಟೋದಲ್ಲಿ ಹೊತ್ತುಕೊಂಡು ಹೋಗಿ, ಮೂವತ್ತು ಜನ ಹಿಡಿಸುವ ಕೋಣೆಯಲ್ಲಿ ಮೇಜಿನ ಮೇಲಿಟ್ಟು ಅದನ್ನೇ ಕೇಳಿಸಿದೆ. ಪದ್ಯ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು ಒಂದು ಪದದ ಅರ್ಥ ಕೇಳಿದ. ಕೇಳಿಸದ ಪದಕ್ಕೆ ಅರ್ಥ ಕೇಳುವವರಿಲ್ಲ.

ಳಕಾರ ಲಕಾರ, ಅಕಾರ ಹಕಾರ, ಶಕಾರ ಷಕಾರಗಳ ವಿಷಯದಲ್ಲಿ ಇಂದಿನ ವಿದ್ಯಾರ್ಥಿಗಳನ್ನು ದೂರುವುದು ನಮ್ಮ ವೃತ್ತಿಯವರ ಬಹುಕಾಲದ ಹವ್ಯಾಸ. ನಾನೂ ದೂರಿದ್ದೇನೆ, ಮುಂದೆಯೂ ದೂರುತ್ತೇನೆ. ಆದರೆ ಅವರ ಕಿವಿಗೆ ಬೀಳುವ ಕನ್ನಡದ ಬಹುಭಾಗ ಫೋನಿನ ತಳದ ಸಾಸಿವೆಗಾತ್ರದ ತೂತಿನಿಂದಲೋ, ಇಲ್ಲವೆ ಎದೆ ಗುದ್ದುವ ಕಂಬದಿಂದಲೋ ಬರುತ್ತಿದೆ. ಮೊದಲನೆಯದರಲ್ಲಿ ಮಾತಿಗೆ ಮೈಯಿಲ್ಲ, ಎರಡನೆಯದರಲ್ಲಿ ನಾಲಗೆಯಿಲ್ಲ. ಕಾಲೇಜುಗಳಲ್ಲಿ ಸಭಾಂಗಣಕ್ಕೆಂದು ಕೊಳ್ಳುವ ಸ್ಪೀಕರುಗಳ ಟೆಂಡರಿನಲ್ಲಿ ವಾಟು ಎಷ್ಟು ಎಂಬ ಕಲಮು ಇರುತ್ತದೆ. ಹಿಂದಿನ ಸಾಲಿಗೆ ಮಾತು ತಿಳಿಯಬೇಕೆಂಬ ಕಲಮು ನಾನು ನೋಡಿದ ಟೆಂಡರುಗಳಲ್ಲಿ ಇರಲಿಲ್ಲ. ಅದನ್ನು ಸೇರಿಸಲು ಹೆಚ್ಚು ಶಾಯಿ ಬೇಕಾಗಿಲ್ಲ.

ಹೊಸದೋ ಹಳೆಯದೋ, ಮನೆಗೆ ಸ್ಪೀಕರನ್ನು ಕೊಳ್ಳಲು ಹೊರಟ ಓದುಗರು ಅಂಗಡಿಗೆ ಹೋಗುವಾಗ ತಮಗೆ ಚೆನ್ನಾಗಿ ಪರಿಚಯವಿರುವ ಒಬ್ಬರ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಂಡು ಹೋಗಲಿ. ತಾಯಿಯದಾದರೂ ಸರಿ, ಹೆಂಡತಿಯದಾದರೂ ಸರಿ. ‘ಶಂಖ’, ‘ಸಂಖ್ಯೆ’, ‘ಷಷ್ಠಿ’, ‘ಹಳ್ಳಿ’, ‘ಅಲ್ಲಿ’ ಎಂಬ ಐದು ಮಾತು ಅದರಲ್ಲಿ ಬರುವಂತೆ ನೋಡಿಕೊಳ್ಳಲಿ. ಪಾಟೀನ ಹಾಡನ್ನೆಲ್ಲ ನಿಲ್ಲಿಸಿ, ಅದನ್ನು ಮೆಲ್ಲನೆ ಹಾಕಿಸಿ, ಕಣ್ಣುಮುಚ್ಚಿ ಕೇಳಲಿ. ನಾನು ಹೋದ ತಿಂಗಳು ಸ್ನೇಹಿತರೊಬ್ಬರ ಜೊತೆಗೆ ಹೋಗಿ ಹೀಗೆ ಮಾಡಿದಾಗ ಅಂಗಡಿಯವನು ಕೆಲಸದ ಹುಡುಗನನ್ನು ಕರೆದು, “ಇವರಿಗೆ ಹಾಡು ಬೇಡವಂತೆ, ಅವರ ಮನೆಯವರು ಬೈದದ್ದು ಸರಿಯಾಗಿ ಕೇಳಿಸಬೇಕಂತೆ” ಎಂದ. ಮೂರು ಜೋಡಿ ಕೇಳಿದೆವು. ಮೂರನೆಯದು ಎಲ್ಲಕ್ಕಿಂತ ಚಿಕ್ಕದು, ಬೆಲೆಯೂ ಕಡಮೆ. ಸ್ನೇಹಿತರು ಅದನ್ನೇ ಕಟ್ಟಿಸಿಕೊಂಡರು.